ಹುಲಿಗಣ್ಣಿನ ವಂಶ

ಜನವರಿ ೧೧, ಶನಿವಾರ

ಹಳೆ ಹಾಸಿಗೆ ಬಿಚ್ಚಿಸಿ ಹೊಸದಾಗಿ ಹೊಲಿಸಿಕೊಂಡ ಗಿರಾಕಿಯೊಬ್ಬ ಖುಷಿಯಿಂದ ಈ ಡೈರಿ ಕೊಟ್ಟು ಹೋದ. ಒಳ್ಳೆಯ ದಪ್ಪ ರಟ್ಟು. ನನ್ನಂಥವನ ಬದುಕು ಬರೆದಿಡದೆ ಹೋದರೆ ನಷ್ಟ ನನಗಲ್ಲ, ಲೋಕಕ್ಕೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಎಂಟಕ್ಕೆ ಹೋಗಲಿಲ್ಲ, ಏಕೆಂದರೆ ಕಲಿಯುವುದನ್ನೆಲ್ಲ ಏಳರಲ್ಲೇ ಮುಗಿಸಿಬಿಟ್ಟಿದ್ದೆ. ನನ್ನ ಅಕ್ಷರ ನೋಡಿ ಮೇಷ್ಟ್ರು "ಇವನು ಮುಂದೆ ಏನಾದ್ರೂ ಆಗ್ತಾನೆ" ಎಂದಿದ್ದರು. ಆಗಿದ್ದೇನೆ. ಈ ಸುತ್ತಮುತ್ತ ಹತ್ತಿ ಹಾಸಿಗೆಯನ್ನು ಕೈಯಲ್ಲಿ ಹೊಲಿಯುವವನು ನಾನೊಬ್ಬನೇ. ಮಿಕ್ಕವರೆಲ್ಲ ಸ್ಪಂಜು ಮಾರುತ್ತಾರೆ.

ಕೆಳಗೆ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ. ಎದುರು ಬಾಗಿಲು ಭಾವನದು. ಅಕ್ಕ ಬಸ್ಸು ಉರುಳಿ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ಮೂರು ವರ್ಷ. ಆವತ್ತಿನಿಂದ ಆ ಹುಡುಗಿ ಉಣ್ಣುವುದು ನಮ್ಮ ಮನೆಯಲ್ಲಿ, ಮಲಗುವುದು ಅವರಪ್ಪನ ಮನೆಯಲ್ಲಿ, ಜಗಳ ಆಡುವುದು ನನ್ನ ಅಂಗಡಿಯಲ್ಲಿ. ಈಗ ಹದಿಮೂರು. ಭಾವ ಅಂಚೆ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತುವವರು. ಪೊರಕೆಕಡ್ಡಿಯಷ್ಟು ಮೈ, ಅದಕ್ಕಿಂತ ಕಡಿಮೆ ಮಾತು.

ಇಂದು ಎರಡನೇ ಮಹಡಿಯವರಿಗೆ ಜೋಡಿ ಹಾಸಿಗೆ ಹೊತ್ತು ಮುಟ್ಟಿಸಿದೆ. ಈ ಕಟ್ಟಡದ ಮೆಟ್ಟಿಲ ತಿರುವು ಇಕ್ಕಟ್ಟು. ಹತ್ತಿ ಹಾಸಿಗೆಯಾದರೆ ಬಳುಕಿಕೊಂಡು ತಿರುಗುತ್ತದೆ, ಸ್ಪಂಜಿನದು ಮೂಲೆಯಲ್ಲಿ ಗೂಟದ ಹಾಗೆ ನಿಲ್ಲುತ್ತದೆ. ಪ್ರತಿ ತಿರುವಿನಲ್ಲೂ ಸ್ವಲ್ಪ ನಿಂತು ಗೋಡೆಯ ಗಾರೆ ಹೇಗಿದೆ ಎಂದು ನೋಡುವುದು ನನ್ನ ಪದ್ಧತಿ. ಇಲ್ಲಿ ಯಾರಿಗೂ ಕಟ್ಟಡದ ಚಿಂತೆಯಿಲ್ಲ.

ಮೊದಲ ತಿರುವಿನಲ್ಲಿ ಹುಡುಗಿ ಶಾಲೆಯ ಚೀಲ ಪಕ್ಕಕ್ಕಿಟ್ಟು ಕುಳಿತಿದ್ದಳು.

"ಏನಮ್ಮ ಮಹಾರಾಣಿ, ಪಲ್ಲಕ್ಕಿ ತರಿಸ್ಲಾ?"

"ತರಿಸು ಮಾವ. ಆದ್ರೆ ನೀನು ಹೊರಬೇಡ. ಅರ್ಧ ದಾರೀಲಿ ಇಳಿಸಿ ಗೋಡೆ ನೋಡ್ತಾ ನಿಂತ್ಬಿಡ್ತೀಯ."

ಬಾಯಿ ಅಕ್ಕನದೇ. ಸೋಮಾರಿತನ ಯಾರದೋ ಗೊತ್ತಿಲ್ಲ. ಕಣ್ಣು ಮಾತ್ರ ನನ್ನದು. ನಮ್ಮ ವಂಶದವರಿಗೆ ಕಣ್ಣಿನ ಬಿಳಿ ಭಾಗ ತಿಳಿ ಹಳದಿ. ತಾತ ದಿಟ್ಟಿಸಿದರೆ ಗೂಳಿ ಕೂಡ ಬಾಲ ಇಳಿಸುತ್ತಿತ್ತಂತೆ. ಊರಲ್ಲಿ ನಮ್ಮನ್ನು ಕರೆಯುತ್ತಿದ್ದುದೇ ಹುಲಿಗಣ್ಣಿನವರು ಎಂದು. ಅಮ್ಮ, ಅಕ್ಕ, ನಾನು, ಈಗ ಇವಳು. ಹುಟ್ಟಿದಾಗ ತೊಟ್ಟಿಲಲ್ಲಿ ಮೊದಲು ನೋಡಿದ್ದು ನಾನೇ. "ಬಂತು ನೋಡಿ ನಮ್ಮ ಕಣ್ಣು" ಎಂದು ಆಸ್ಪತ್ರೆಗೆಲ್ಲ ಕೇಳುವ ಹಾಗೆ ಕೂಗಿದ್ದೆ.

ಮಧ್ಯಾಹ್ನ ಹೊಸ ಹಾಸಿಗೆಯ ಮೇಲೆ ಮಲಗಿ ಪರೀಕ್ಷೆ ಮಾಡಿದೆ. ಸಂಜೆ ಎಚ್ಚರವಾಯಿತು. ಮಲಗಿ ನೋಡದೆ ಮಾಲು ಕೊಡುವವನು ಮೋಸಗಾರ.

ಜನವರಿ ೧೯, ಭಾನುವಾರ

ಹುಡುಗಿಗೆ ಜ್ವರ ಬಂದಿತ್ತು, ಹೋಗಿತ್ತು. ಇಂದು ಬೆಳಿಗ್ಗೆ ಹಾಲು ತರಲು ಇಳಿದವಳು ಮೆಟ್ಟಿಲಲ್ಲೇ ಕುಸಿದಳು. ಎತ್ತಿಕೊಂಡರೆ ಮುಖ ಬಿಡಿಸಿದ ಹತ್ತಿಯ ಬಣ್ಣ, ತುಟಿಯೂ ಅದೇ. ಹತ್ತಿರದ ಆಸ್ಪತ್ರೆಗೆ ಓಡಿದೆವು. ಹನ್ನೆರಡು ಇರಬೇಕಾದ ರಕ್ತದ ಅಂಶ ನಾಲ್ಕಕ್ಕೆ ಇಳಿದಿದೆ, ಕೂಡಲೇ ರಕ್ತ ಏರಿಸಬೇಕು, ಏರಿಸಿದ ರಕ್ತಕ್ಕೆ ಬದಲಾಗಿ ಮನೆಯವರು ಯಾರಾದರೂ ಕೊಡಬೇಕು ಎಂದರು.

ನಾನು ಅಂಗಿ ತೋಳು ಮಡಿಚಿ ಮುಂದೆ ಹೋದೆ. "ನಮ್ಮದು ಹುಲಿಗಣ್ಣಿನ ರಕ್ತ ಸಿಸ್ಟರ್. ಎಷ್ಟು ಬೇಕೋ ಬಸಿದುಕೊಳ್ಳಿ" ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸು ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು ನೋಡಿ, "ನಿಮ್ದು ಬೇಡ ಯಜಮಾನ್ರೆ. ಕಣ್ಣು ಹಳದಿಯಿದೆ. ಮೊದ್ಲು ತೋರಿಸ್ಕೊಳ್ಳಿ. ಮುಂದಿನವರು ಬನ್ನಿ" ಎಂದಳು.

ಮುಂದಿನವರು ಭಾವ. ಪೊರಕೆಕಡ್ಡಿಯಿಂದ ಚೀಲ ತುಂಬಿಸಿಕೊಂಡರು! ಆಸ್ಪತ್ರೆಯವರಿಗೆ ಮಾಲಿನ ಗುಣ ಗೊತ್ತಿಲ್ಲ.

ಜನವರಿ ೨೦, ಸೋಮವಾರ

ಎರಡು ಚೀಲ ರಕ್ತ ಹೋದ ಮೇಲೆ ತುಟಿಗೆ ಬಣ್ಣ ಬಂತು. ನನ್ನನ್ನು ನೋಡಿ "ಮಾವ, ಪಲ್ಲಕ್ಕಿ ಎಲ್ಲಿ?" ಎಂದಳು. ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದೆ. ಆಸ್ಪತ್ರೆಯ ಔಷಧದ ವಾಸನೆ ನನಗೆ ಆಗುವುದಿಲ್ಲ.

ಜನವರಿ ೨೮, ಮಂಗಳವಾರ

ರಕ್ತದ ಕಾಯಿಲೆ ನೋಡುವ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಡಾಕ್ಟರಮ್ಮ ನನಗಿಂತ ಎಷ್ಟೋ ಚಿಕ್ಕವರು, ಆದರೆ ದನಿ ನಮ್ಮ ಮೇಷ್ಟ್ರದು. ಹುಡುಗಿಯ ಎಡ ಪಕ್ಕೆಯ ಕೆಳಗೆ ಒತ್ತಿ ನೋಡಿದರು. ಅಲ್ಲಿ ಗುಲ್ಮ ಎಂಬ ಅಂಗ ಇದೆಯಂತೆ, ಅದು ಊದಿದೆಯಂತೆ. ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಕಲ್ಲು.

"ಇದು ಸಾಮಾನ್ಯವಾಗಿ ವಂಶದಲ್ಲಿ ಬರೋದು" ಎಂದರು ಡಾಕ್ಟರಮ್ಮ.

ನಾನು ಭಾವನ ಕಡೆ ಕೈ ತೋರಿಸಿದೆ. "ನೋಡಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇವರ ಕಡೆಯವರೆಲ್ಲ ಹೀಗೇ. ಊದಿದ್ರೆ ಹಾರಿಹೋಗ್ತಾರೆ."

ಡಾಕ್ಟರಮ್ಮ ಹುಡುಗಿಯ ರೆಪ್ಪೆ ಎಳೆದು, "ಕಣ್ಣು ಯಾವಾಗಿಂದ ಹಳದಿ?" ಎಂದು ಕೇಳಿದರು.

"ಹುಟ್ಟಿದಾಗಿಂದ" ಎಂದೆ ನಾನೇ. "ಅದು ಕಾಮಾಲೆ ಅಲ್ಲ ಡಾಕ್ಟರಮ್ಮ, ನಮ್ಮ ವಂಶದ ಗುರುತು. ತಾತಂದು, ಅಮ್ಮಂದು, ಅಕ್ಕಂದು. ಇಗೋ, ನಂದು ನೋಡಿ."

ಅವರು ಪೆನ್ನು ಕೆಳಗಿಟ್ಟರು. ನನ್ನ ಕಣ್ಣನ್ನು ನೋಡಿದರು, ಆಮೇಲೆ ಪಕ್ಕದ ಕುರ್ಚಿಯನ್ನು ನೋಡಿದರು.

"ನೀವೂ ಕೂತ್ಕೊಳ್ಳಿ."

ಅಷ್ಟರಲ್ಲಿ ಅಂಗಡಿಯ ಬಾಗಿಲು ತೆರೆದೇ ಬಂದದ್ದು ನೆನಪಾಯಿತು. ಓಡಿದೆ. ಬಂದು ನೋಡಿದರೆ ಬೀಗ ಹಾಕಿತ್ತು. ಹಾಕಿದ್ದರೂ ಒಮ್ಮೆ ನೋಡಿಬರುವುದು ಒಳ್ಳೆಯದೇ.

ಫೆಬ್ರವರಿ ೨, ಭಾನುವಾರ

ಹುಡುಗಿ ಹತ್ತಿಯ ರಾಶಿಯ ಮೇಲೆ ಕಾಲು ಮಡಿಚಿ ಕುಳಿತು ನನಗೆ ಪಾಠ ಹೇಳಿದಳು. ಡಾಕ್ಟರಮ್ಮ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದಾರೆ.

"ರಕ್ತದಲ್ಲಿ ಕೆಂಪು ಕಣ ಇರತ್ತಲ್ಲ ಮಾವ, ಅದು ಬಿಲ್ಲೆ ಥರ. ಎರಡೂ ಕಡೆ ನಡುವೆ ತಗ್ಗು. ಗುಲ್ಮದಲ್ಲಿ ಸಣ್ಣ ಸಣ್ಣ ಸಂದಿ ಇರತ್ತೆ, ಕಣಕ್ಕಿಂತ ಚಿಕ್ಕವು. ಕಣ ಮಡಿಚ್ಕೊಂಡು, ಬಳುಕ್ಕೊಂಡು ಅದ್ರಲ್ಲಿ ನುಗ್ಗಿ ಆಚೆ ಬರಬೇಕು."

"ಮೆಟ್ಟಿಲ ತಿರುವಿನಲ್ಲಿ ಹಾಸಿಗೆ ಹೋದ ಹಾಗೆ" ಎಂದೆ.

"ಹ್ಞೂಂ. ನಂದು ಗುಂಡು. ಗೋಲಿ ಥರ. ಮಡಿಚಲ್ಲ. ಸಂದೀಲಿ ಸಿಕ್ಕಿಹಾಕ್ಕೊಳ್ಳತ್ತೆ. ಸಿಕ್ಕಿದ್ದನ್ನ ಗುಲ್ಮ ತಿಂದುಬಿಡತ್ತೆ. ಅದಕ್ಕೇ ರಕ್ತ ಕಮ್ಮಿ. ಒಡೆದ ಕಣದಿಂದ ಬರೋ ಬಣ್ಣಕ್ಕೇ ಕಣ್ಣು ಹಳದಿ."

ಕಡೆಯ ಮಾತು ನನಗೆ ಸರಿಕಾಣಲಿಲ್ಲ. ಕಲಿತವರು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಆದರೆ ಮೊದಲ ಭಾಗ ನನಗೆ ಕೇಳಿದ ಕೂಡಲೇ ಹೊಳೆಯಿತು. ಇದು ಹಾಸಿಗೆ ಶಾಸ್ತ್ರ! ಕೆಂಪು ಬಟ್ಟೆ ಕತ್ತರಿಸಿ ಎರಡು ದುಂಡನೆ ದಿಂಬು ಹೊಲಿದೆ. ಒಂದಕ್ಕೆ ದಬ್ಬಣದಿಂದ ನಡುವೆ ಮೇಲಿಂದ ಕೆಳಕ್ಕೆ ದಾರ ಹಾಯಿಸಿ ಬಿಗಿದು ಕಟ್ಟಿದೆ. ಎರಡೂ ಕಡೆ ತಗ್ಗು ಬಿತ್ತು. ಇನ್ನೊಂದಕ್ಕೆ ದಾರ ಹಾಕದೆ ಬಿಟ್ಟೆ, ಚೆಂಡಿನ ಹಾಗಾಯಿತು. ಕುರ್ಚಿಯ ಬೆನ್ನಿನ ಪಟ್ಟಿಗಳ ಸಂದಿಯಲ್ಲಿ ತೂರಿಸಿದೆವು. ಬಿಲ್ಲೆ ಮಡಿಚಿಕೊಂಡು ಆಚೆ ಬಂತು, ಚೆಂಡು ಸಿಕ್ಕಿಕೊಂಡಿತು. ಹುಡುಗಿ ಚಪ್ಪಾಳೆ ತಟ್ಟಿದಳು.

"ಹಾಗಾದ್ರೆ ನಿನ್ನ ಕಣದಲ್ಲಿ ನಡುವಿನ ದಾರ ಕಿತ್ತುಹೋಗಿದೆ. ಅಷ್ಟೇ. ಡಾಕ್ಟರಮ್ಮಂಗೆ ಇಷ್ಟು ದಿನ ಬೇಕಾಯ್ತು, ನಿನ್ನ ಮಾವ ಒಂದು ಮಧ್ಯಾಹ್ನದಲ್ಲಿ ಹಿಡಿದ."

ಸಂಜೆ ಬಲ ಪಕ್ಕೆಯಲ್ಲಿ ಚುಚ್ಚಿತು. ಕರಿದದ್ದು ತಿಂದರೆ ಹಾಗೆ. ಗ್ಯಾಸು.

ಫೆಬ್ರವರಿ ೬, ಗುರುವಾರ

ದಿಂಬುಗಳನ್ನು ಚೀಲದಲ್ಲಿ ಹಾಕಿಕೊಂಡು ನಾನೇ ಡಾಕ್ಟರಮ್ಮನ ಹತ್ತಿರ ಹೋದೆ, ಕಲಿಸಿ ಬರೋಣ ಎಂದು. ಅವರು ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿದರು.

"ತುಂಬ ಚೆನ್ನಾಗಿದೆ" ಎಂದರು. "ಆದ್ರೆ ತಪ್ಪು."

ನನ್ನ ಹೊಲಿಗೆಗೆ ತಪ್ಪು ಎಂದವರು ಇವರೇ ಮೊದಲು.

"ಕಣದ ಒಳಗೆ ಈ ಕಡೆಯಿಂದ ಆ ಕಡೆಗೆ ಎಳೆದಿರೋ ದಾರ ಯಾವ್ದೂ ಇಲ್ಲ. ಒಳಗೆಲ್ಲ ಗಟ್ಟಿ ರಸ ಇದ್ದ ಹಾಗೆ. ಆಟ ಇರೋದೆಲ್ಲ ಗವಸಲ್ಲಿ. ಗವಸಿನ ಒಳಮೈಗೆ ಪ್ರೋಟೀನಿನ ಒಂದು ಬಲೆ ಇದೆ. ಅದನ್ನ ಸ್ಪೆಕ್ಟ್ರಿನ್ ಅಂತೀವಿ. ಎಳೆದ್ರೆ ಹಿಗ್ಗುತ್ತೆ, ಬಿಟ್ರೆ ಮೊದಲಿನ ಹಾಗೇ ಆಗುತ್ತೆ. ಸಂದೀಲಿ ನುಗ್ಗಿದ ಕಣಕ್ಕೆ ವಾಪಸ್ ತನ್ನ ಆಕಾರ ಬರೋದು ಅದರಿಂದಾನೆ. ಆ ಬಲೆಯನ್ನ ಗವಸಿಗೆ ಅಲ್ಲಲ್ಲಿ ಕಟ್ಟಿಡೋಕೆ ಬೇರೆ ಪ್ರೋಟೀನುಗಳಿವೆ. ಆಂಕಿರಿನ್ ಅಂತ ಒಂದು, ಬ್ಯಾಂಡ್ ಮೂರು ಅಂತ ಇನ್ನೊಂದು."

"ಬ್ಯಾಂಡು ಒಂದು, ಎರಡು ಎಲ್ಲಿ ಹೋದ್ವು?" ಎಂದು ಕೇಳಿದೆ. ಅವರು ನಕ್ಕರು, ಆದರೆ ಬಿಡಲಿಲ್ಲ.

"ಈ ಹುಡುಗೀಲಿ ಆ ಕಟ್ಟು ಸಡಿಲ ಅಂತ ನಮ್ಮ ಅನುಮಾನ. ಕಟ್ಟು ಬಿಟ್ಟ ಕಡೆ ಗವಸು ಗುಳ್ಳೆ ಎದ್ದು, ಚೂರು ಚೂರೇ ಉದುರಿಹೋಗುತ್ತೆ. ಒಳಗಿನ ಸರಕು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಗವಸು ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಆಗ ಏನಾಗುತ್ತೆ?"

ಅದನ್ನು ನನಗೆ ಕೇಳುವುದೇ? ಬಟ್ಟೆ ಸಾಲದೆ ಅಷ್ಟೇ ಹತ್ತಿ ತುರುಕಿದರೆ ಯಾವ ಹಾಸಿಗೆಯೂ ಉಬ್ಬಿ ಗುಂಡಾಗುತ್ತದೆ. "ಗುಂಡಗಾಗುತ್ತೆ" ಎಂದೆ.

"ಅದೇ. ಈಗ ನಿಮ್ಮ ಕೈ ಕೊಡಿ."

ಯಾಕೆ ಎಂದರೆ ಹೀಗೆ. ಹುಡುಗಿಗೆ ಬೇರೆಯವರ ರಕ್ತ ಏರಿಸಿರುವುದರಿಂದ ಅವಳ ಮೈಯಲ್ಲಿ ಈಗ ಎರಡು ಮನೆಯ ಕಣ ಬೆರೆತಿವೆ. ಪರೀಕ್ಷೆ ಮಾಡಿದರೆ ಯಾವುದು ಅವಳದು, ಯಾವುದು ದಾನಿಯದು ಎಂದು ತಿಳಿಯದು. ಗುಲ್ಮ ತೆಗೆದರೆ ಗುಣವಾಗುತ್ತಾಳೆ. ಆದರೆ ಇದೇ ಥರ ಕಾಣುವ ಇನ್ನೊಂದು ಕಾಯಿಲೆ ಇದೆ. ಅದಾಗಿದ್ದು ಗುಲ್ಮ ತೆಗೆದರೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು. ಅಪ್ಪನ ರಕ್ತ ನೋಡಿ ಆಗಿದೆ, ಅದರಲ್ಲಿ ದೋಷವಿಲ್ಲ. ಅಮ್ಮ ಇಲ್ಲ. ಅಮ್ಮನ ಕಡೆ ಉಳಿದಿರುವುದು ನಾನೊಬ್ಬ. ನನ್ನ ರಕ್ತ ನೋಡಿದರೆ ದಾರಿ ಸಿಗುತ್ತದೆ, ಆಮೇಲೆ ಆಪರೇಷನ್ನಿಗೆ ದಿನ ಕೊಡುತ್ತಾರೆ.

ನಾಳೆ ಬರುತ್ತೇನೆ ಎಂದು ಹೇಳಿ ಬಂದೆ. ದಿಂಬು ಅಲ್ಲೇ ಬಿಟ್ಟುಬಂದೆನೋ ಎಂದು ದಾರಿಯಲ್ಲಿ ನೋಡಿಕೊಂಡರೆ ಕಂಕುಳಲ್ಲೇ ಇತ್ತು.

ಫೆಬ್ರವರಿ ೭, ಶುಕ್ರವಾರ

ಹೋಗಲಿಲ್ಲ. ಹತ್ತಿಯ ಲಾರಿ ಬರುವುದಿತ್ತು. ಬರಲಿಲ್ಲ.

ಫೆಬ್ರವರಿ ೧೨, ಬುಧವಾರ

ನನ್ನವಳು ಊಟಕ್ಕೆ ಬಡಿಸುತ್ತ, "ಇಡೀ ದಿನ ಮೊಳದುದ್ದ ದಬ್ಬಣ ಹಿಡಿದು ಕೂರೋ ಗಂಡಸಿಗೆ ಇಷ್ಟುದ್ದದ ಸೂಜಿ ಕಂಡ್ರೆ ಭಯ. ಹೇಳ್ಕೊಂಡ್ರೆ ಯಾರಾದ್ರೂ ನಂಬ್ತಾರಾ?" ಎಂದಳು.

"ಭಯ ಯಾರಿಗೆ? ನನಗೆ ಕಾಯಿಲೆ ಇಲ್ಲ, ಯಾಕೆ ಚುಚ್ಚಿಸ್ಕೋಬೇಕು? ಇವತ್ತಿನವರೆಗೆ ಒಂದು ದಿನ ಮಲಗಿದವನಲ್ಲ ನಾನು."

"ಹೌದು, ದಿನಾ ಮಲಗೋರಿಗೆ ಒಂದು ದಿನ ಅಂತ ಲೆಕ್ಕ ಎಲ್ಲಿರುತ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

ಹೆಂಗಸರಿಗೆ ಪರೀಕ್ಷೆಗೂ ನಿದ್ದೆಗೂ ವ್ಯತ್ಯಾಸ ತಿಳಿಯದು.

ಫೆಬ್ರವರಿ ೧೫, ಶನಿವಾರ

ಭಾವ ಅಂಗಡಿಗೆ ಬಂದರು. ಇಷ್ಟು ವರ್ಷದಲ್ಲಿ ಅಂಗಡಿಯೊಳಗೆ ಕಾಲಿಟ್ಟದ್ದೇ ಅಪರೂಪ. ನಿಂತುಕೊಂಡೇ ಮಾತಾಡಿದರು.

"ಮತ್ತೆ ಇಳೀತಿದೆ. ನಿನ್ನೆ ಏಳು. ಇನ್ನೊಂದು ಸಲ ರಕ್ತ ಹಾಕಿದ್ರೆ ಮತ್ತೆ ಬೆರಕೆ ಆಗುತ್ತೆ, ಪರೀಕ್ಷೆ ಇನ್ನೂ ದೂರ ಹೋಗುತ್ತೆ ಅಂತಾರೆ. ನೀನು ಯಾವಾಗ ಹೋಗ್ತೀಯ?"

"ಹೋಗ್ತೀನಿ ಭಾವ. ಕೆಲಸ ರಾಶಿ ಬಿದ್ದಿದೆ. ಅಲ್ಲ, ನಿಮ್ಮ ಕಡೆ ಇನ್ನೊಂದ್ಸಲ ಸರಿಯಾಗಿ ನೋಡಿಸಿ. ಒಂದು ಸಲಕ್ಕೆ ಎಲ್ಲ ಸಿಗುತ್ತಾ?"

"ನಂದು ಎರಡು ಸಲ ನೋಡಿದ್ರು. ಏನೂ ಇಲ್ಲ."

"ಹಾಗಾದ್ರೆ ನಂದೇ ಅಂತೀರಾ? ನಮ್ಮ ವಂಶಕ್ಕೆ ಕಳಂಕ ಹಚ್ತೀರಾ? ನಮ್ಮ ತಾತ..."

"ನಿನ್ನ ತಾತ ಗೂಳಿ ಹೆದರಿಸಿದ್ದು ನನಗೆ ಬಾಯಿಪಾಠ ಆಗಿದೆ" ಎಂದರು ಭಾವ. ಅವರ ದನಿ ಅಷ್ಟು ಎತ್ತರಕ್ಕೆ ಹೋಗುವುದು ನಾನು ಕೇಳಿರಲಿಲ್ಲ. ಆಮೇಲೆ ತಗ್ಗಿಸಿದರು. "ನಿಮ್ಮಕ್ಕ ಮೆಟ್ಟಿಲಲ್ಲಿ ಕೂತ್ಕೋತಿದ್ಲು. ಮಗು ಹುಟ್ಟೋಕ್ಕಿಂತ ಮುಂಚೇನೂ. ನೆನಪಿದೆಯಾ?"

"ಗಾಳಿಗೆ ಕೂತ್ಕೋತಿದ್ಲು."

"ಆ ಮೆಟ್ಟಿಲಲ್ಲಿ ಗಾಳಿ ಎಲ್ಲಿದೆಯೋ?"

ಅಷ್ಟು ಹೇಳಿ ಹೊರಟುಹೋದರು. ಕೈಯಲ್ಲಿದ್ದ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಸೊಟ್ಟ.

ಫೆಬ್ರವರಿ ೧೬, ಭಾನುವಾರ

ಹುಡುಗಿ ಒಬ್ಬಳೇ ಇಳಿದು ಬಂದಳು. ಹತ್ತಿಯ ಮೇಲೆ ಕುಳಿತು ಬಹಳ ಹೊತ್ತು ಆ ಗುಂಡು ದಿಂಬನ್ನು ಹಿಸುಕುತ್ತಿದ್ದಳು. ಬೆರಳುಗಳು ಕಾಗದದ ಹಾಗಿದ್ದವು.

"ಮಾವ, ನಾನು ಕೂತ್ರೆ ಸೋಮಾರಿ. ನೀನು ನಿಂತ್ರೆ ಗಾರೆ ಪರೀಕ್ಷೆ. ಅಲ್ವಾ?"

"ಗಾರೆ ಬಿರುಕು ಬಿಟ್ಟಿದೆ ಕಣೇ, ನಿಜವಾಗ್ಲೂ."

"ಎಲ್ಲಿ?"

ಹೇಳಲು ಹೋದೆ. ಎಲ್ಲಿ ಎಂದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ನಿಂಗೆ ಭಯಾನಾ?"

"ಹುಲಿಗೆ ಯಾವ ಭಯ?"

"ನಂಗೆ ಭಯ" ಎಂದಳು. ಹಾಸ್ಯವಿರಲಿಲ್ಲ. "ನನ್ನ ಹೊಟ್ಟೆ ಕುಯ್ತಾರೆ. ಕುಯ್ದೇ ಇದ್ರೆ ಮತ್ತೆ ಬೀಳ್ತೀನಿ. ಮುಂದಿನ ಸಲ ಮೆಟ್ಟಿಲಲ್ಲಿ ಯಾರೂ ಇಲ್ದೇ ಇದ್ರೆ? ನಿನಗೆ ಒಂದು ಸೂಜಿ ಅಷ್ಟೇ ಮಾವ."

ಅವಳು ಹೋದ ಮೇಲೆ ದಬ್ಬಣದ ಮೊನೆಯನ್ನು ಬೆರಳಿಗೆ ಒತ್ತಿ ನೋಡಿದೆ.

ಫೆಬ್ರವರಿ ೧೮, ಮಂಗಳವಾರ

ಹೋಗಿಬಂದೆ. ಭಾವನೂ ರಜೆ ಹಾಕಿ ಜೊತೆಗೆ ಬಂದರು. ಲ್ಯಾಬಿನವನು ತೋಳಿಗೆ ಪಟ್ಟಿ ಕಟ್ಟಿದ. ಸೂಜಿ ನೋಡಿದ ಮೇಲೆ ಅವರ ಮಂಚದ ಹಾಸಿಗೆ ಹೇಗಿದೆ ನೋಡೋಣವೆನಿಸಿ ಸ್ವಲ್ಪ ಮಲಗಿದೆ. ಸ್ಪಂಜು. ಕಳಪೆ. ಮುಖಕ್ಕೆ ನೀರು ಚಿಮುಕಿಸುವ ಅಗತ್ಯ ಇರಲಿಲ್ಲ.

ನನ್ನ ರಕ್ತವನ್ನು ನಾನೇ ನೋಡಬೇಕು ಎಂದು ಹಟ ಹಿಡಿದೆ. ಡಾಕ್ಟರಮ್ಮ ಒಪ್ಪಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಮೊದಲು ಒಂದು ಗಾಜು ಇಟ್ಟರು. ಸಣ್ಣ ಸಣ್ಣ ಬಿಲ್ಲೆಗಳು. ಒಂದೊಂದರ ನಡುವೆಯೂ ಬಣ್ಣ ತೆಳು, ಹಳೆ ಹಾಸಿಗೆಯ ನಡುವೆ ಹತ್ತಿ ಸರಿದುಹೋದ ಹಾಗೆ. ಆಮೇಲೆ ಇನ್ನೊಂದು ಗಾಜು. ಅದರಲ್ಲಿ ಅಂಥವೂ ಇದ್ದವು. ಆದರೆ ನಡುನಡುವೆ ಎಷ್ಟೊಂದು ಪುಟ್ಟ ಗುಂಡುಗಳು! ಗಾಢ ಕೆಂಪು, ಅಂಚಿನಿಂದ ಅಂಚಿಗೆ ಭರ್ತಿ, ಎಲ್ಲೂ ತಗ್ಗಿಲ್ಲ, ಎಲ್ಲೂ ಜೋಲಿಲ್ಲ.

ನನ್ನ ಎದೆ ಉಬ್ಬಿತು. "ಹೇಳೋದೇ ಬೇಡ ಡಾಕ್ಟರಮ್ಮ. ಮೊದಲನೇದು ಭಾವಂದು. ಅವರ ಕೆನ್ನೆ ಹಾಗೇ ಒಳಕ್ಕೆ ಹೋಗಿವೆ. ಎರಡನೇದು ನಂದು. ನೋಡಿ, ಹೇಗೆ ತುಂಬಿಕೊಂಡಿದೆ! ಇಂಥ ಹಾಸಿಗೆ ಕೊಟ್ರೆ ಗಿರಾಕಿ ಮಾತಿಲ್ದೆ ಹೊತ್ಕೊಂಡು ಹೋಗ್ತಾನೆ."

ಅವರು ನಾನು ಮುಗಿಸುವವರೆಗೂ ಕಾದರು.

"ಸರಿಯಾಗೇ ಗುರುತು ಹಿಡಿದ್ರಿ. ಎರಡನೇದು ನಿಮ್ದು. ಚೆನ್ನಾಗಿರೋದು ಮೊದಲನೇದು."

ಮತ್ತೆ ಕಣ್ಣಿಟ್ಟು ನೋಡಿದೆ. ತುಂಬಿದ, ದುಂಡನೆಯ, ಬಳುಕಲಾರದ ಕಣಗಳು. ಹುಡುಗಿ ಕುರ್ಚಿಯ ಸಂದಿಯಲ್ಲಿ ತೂರಿಸಲು ಹೋಗಿ ಸಿಕ್ಕಿಹಾಕಿಕೊಂಡ ದಿಂಬೇ. ಬಾಗಿಲ ಬಳಿ ಭಾವ ನಿಂತಿದ್ದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಹಾಗಾದ್ರೆ ಆಪರೇಷನ್ ಮಾಡಬಹುದಾ?" ಎಂದು ಮಾತ್ರ ಕೇಳಿದರು.

"ಉಪ್ಪುನೀರಿನ ಪರೀಕ್ಷೇಲೂ ಇದೇ ಬಂದ್ರೆ ಮಾಡಬಹುದು" ಎಂದರು ಡಾಕ್ಟರಮ್ಮ. ತೆಳು ಉಪ್ಪುನೀರಿನಲ್ಲಿ ಬಿಟ್ಟರೆ ಈ ಗುಂಡು ಕಣಗಳು ಬೇಗ ಒಡೆಯುತ್ತವಂತೆ. ಮೊದಲೇ ಉಬ್ಬಿರುವುದಕ್ಕೆ ಇನ್ನು ಹಿಗ್ಗಲು ಗವಸೆಲ್ಲಿದೆ?

ಫೆಬ್ರವರಿ ೧೯, ಬುಧವಾರ

ಅಂಗಡಿ ತೆರೆದೆ. ಕೆಲಸ ಮಾಡಲಿಲ್ಲ. ಸಂಜೆ ಭಾವ ಬಂದು ಬಾಗಿಲಲ್ಲಿ ನಿಂತರು. ಹೋಗುವಾಗ ಅಂಗಡಿಯ ದೀಪ ಹಾಕಿ ಹೋದರು. ಕತ್ತಲಾಗಿರುವುದು ನನಗೆ ಗೊತ್ತೇ ಆಗಿರಲಿಲ್ಲ.

ಫೆಬ್ರವರಿ ೨೨, ಶನಿವಾರ

ಉಪ್ಪುನೀರಿನಲ್ಲಿ ಒಡೆದವು. ಆಪರೇಷನ್ನಿಗೆ ಏಪ್ರಿಲ್ ಮೂರಕ್ಕೆ ದಿನ ಕೊಟ್ಟರು. ಬೆರಕೆಯ ಚಿಂತೆ ಇನ್ನಿಲ್ಲವೆಂದು ಹುಡುಗಿಗೆ ಮತ್ತೆ ರಕ್ತ ಏರಿಸಿದರು.

ಮಾರ್ಚ್ ೯, ಭಾನುವಾರ

ಗುಲ್ಮ ಹೋದ ಮೇಲೆ ಕೆಲವು ರೋಗಗಳನ್ನು ಮೈ ಸುಲಭವಾಗಿ ಎದುರಿಸಲಾರದಂತೆ. ಅದಕ್ಕೆ ಮೊದಲೇ ಲಸಿಕೆ. ನಿನ್ನೆ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಅವಳು ತೋಳು ಕೊಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ.

"ಮಾವ, ಚುಚ್ಚೋದು ನಂಗೆ. ನೀನು ಕಣ್ಣು ಬಿಡು."

ನನಗೂ ಸ್ಕ್ಯಾನ್ ಮಾಡಿಸಿದರು. ಪಿತ್ತಕೋಶದಲ್ಲಿ ಕಲ್ಲು ಇದೆ. ಅವಳದು ಹಲವಾರು, ಪುಡಿ ಪುಡಿ. ನನ್ನದು ಒಂದೇ, ಆದರೆ ಅವಳ ಎಲ್ಲ ಕಲ್ಲುಗಳಿಗಿಂತ ದೊಡ್ಡದು. ಗ್ಯಾಸು ಎಂದುಕೊಂಡಿದ್ದೆ. ನನ್ನದು ಸೌಮ್ಯ ಜಾತಿಯದಂತೆ, ಗುಲ್ಮ ತೆಗೆಯಬೇಕಾಗಿಲ್ಲ. ರಕ್ತಕ್ಕೆ ಒಂದು ಗುಳಿಗೆ ಕೊಟ್ಟಿದ್ದಾರೆ. ಕಲ್ಲಿಗೆ ಮಾತ್ರ, ನೋವು ಹೆಚ್ಚಿದರೆ ಬರಬೇಕು. ಸೌಮ್ಯ ಎಂಬ ಮಾತನ್ನು ನನಗೆ ಯಾರೂ ಹಿಂದೆ ಹೇಳಿರಲಿಲ್ಲ.

"ಕಾಯಿಲೇಲೂ ನಂದೇ ದೊಡ್ಡದು ಅಂತ ಬೀಗ್ತಿದ್ದೀರಲ್ಲ" ಎಂದಳು ನನ್ನವಳು. "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ." ಹಾಗೆಂದವಳು ಮಧ್ಯಾಹ್ನ ಕರಿದ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಟ್ಟಳು.

ಹಳೆ ದಿಂಬು ಬಿಚ್ಚಿ ಹಾಕಿದೆ. ಡಾಕ್ಟರಮ್ಮ ಹೇಳಿದಂತೆ ಹೊಸದು ಹೊಲಿದೆ. ಹತ್ತಿ ಹೊಂದಲಿಲ್ಲ, ರಾಗಿಯಷ್ಟು ಸಣ್ಣ ಸ್ಪಂಜಿನ ಚೂರು ತುಂಬಿದೆ. ಸ್ಪಂಜು ನನ್ನ ಅಂಗಡಿಗೆ ಬಂತು, ಬರೆದಿಡುತ್ತೇನೆ. ನಡುವೆ ದಾರವಿಲ್ಲ. ಗವಸಿನ ಒಳಮೈಗೆ ಹಿಗ್ಗುವ ಬಲೆಬಟ್ಟೆ ಇಟ್ಟು ಅಲ್ಲಲ್ಲಿ ಟಾಕು ಹಾಕಿದೆ. ಗವಸನ್ನು ಬೇಕೆಂದೇ ದೊಡ್ಡದು ಮಾಡಿ, ಸರಕು ಕಡಿಮೆ ತುಂಬಿದೆ. ಇಷ್ಟು ವರ್ಷ ಯಾವ ಗಿರಾಕಿಗೂ ಹಾಗೆ ಕೊಟ್ಟವನಲ್ಲ. ಕೈಯಲ್ಲಿ ಹಿಡಿದರೆ ಹೇಗೆ ಬೇಕಾದರೂ ಬಾಗುತ್ತದೆ, ಬಿಟ್ಟರೆ ತನ್ನ ಪಾಡಿಗೆ ಬಿಲ್ಲೆಯಾಗುತ್ತದೆ. ಹುಡುಗಿ ಕುರ್ಚಿಯ ಸಂದಿಯಲ್ಲಿ ಅದನ್ನು ಸುಮಾರು ಸಲ ಆಚೆ ಈಚೆ ಮಾಡಿದಳು.

"ಗುಲ್ಮ ತೆಗೆದ್ರೂ ನನ್ನ ಕಣ ಗುಂಡಗೇ ಇರತ್ತಂತೆ ಮಾವ. ತಿನ್ನೋರು ಇರಲ್ಲ ಅಷ್ಟೇ."

"ಸಾಕಲ್ಲ."

"ಸಾಕು" ಎಂದಳು.

ಏಪ್ರಿಲ್ ೩, ಗುರುವಾರ

ಒಳಗೆ ಕರೆದುಕೊಂಡು ಹೋದರು. ಹೊರಗೆ ತಂದರು. ನಡುವಿನದು ಬರೆಯಲು ಬರುವುದಿಲ್ಲ. ಭಾವ ಮತ್ತು ನಾನು ಒಂದೇ ಬೆಂಚಿನಲ್ಲಿದ್ದೆವು. ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅವರು ಅದರ ಮೇಲೆ ಕೈ ಇಟ್ಟರು, ಕಾಗದದ ಮೇಲೆ ಮುದ್ರೆ ಒತ್ತುವ ಹಾಗೆ, ಮತ್ತೆ ತೆಗೆಯಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಕಣ್ಣು ಬಿಟ್ಟಳು. ಮೊದಲ ಮಾತು, "ಮಾವ, ಈ ಹಾಸಿಗೆ ಸರಿಯಿಲ್ಲ."

ಮೇ ೧೮, ಭಾನುವಾರ

ಬಹಳ ದಿನವಾಯಿತು ಬರೆದು. ಬರೆಯುವಂಥದ್ದು ಏನೂ ಆಗಲಿಲ್ಲ. ಶಾಲೆಗೆ ಬೇಸಿಗೆ ರಜೆ, ಹುಡುಗಿ ದಿನವಿಡೀ ಅಂಗಡಿಯಲ್ಲಿ ಜಗಳ ಆಡುತ್ತಾಳೆ. ಮೈ ಬಿಸಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬ ಚೀಟಿ ಎರಡೂ ಮನೆಯ ಬಾಗಿಲ ಹಿಂದೆ ಅಂಟಿದೆ. ರಕ್ತ ಹನ್ನೆರಡಕ್ಕೆ ಏರಿದೆ. ಕಣ್ಣು ಬೆಳ್ಳಗಾಗಿದೆ, ಒಗೆದ ಗವಸಿನ ಹಾಗೆ. ಮೊದಲ ಸಲ ಗಮನಿಸಿದಾಗ ಯಾರೋ ಬೇರೆ ಹುಡುಗಿ ಎನಿಸಿತ್ತು. ಹುಲಿಗಣ್ಣಿನವನು ಈಗ ನಾನೊಬ್ಬನೇ. ದಿಂಬು ಡಾಕ್ಟರಮ್ಮನ ಮೇಜಿನ ಮೇಲಿದೆ, ಬರುವ ಮಕ್ಕಳಿಗೆ ತೋರಿಸುತ್ತಾರಂತೆ. ಹೊಲಿದವರು ಯಾರು ಎಂದು ಕೇಳಿದರೆ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಸಂಜೆ ಮೇಲಿನ ಮನೆಯವರಿಗೆ ಒಂದು ಹಾಸಿಗೆ ಮುಟ್ಟಿಸಬೇಕಿತ್ತು. ಹುಡುಗಿ ದಿಂಬುಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲೇ ನುಸುಳಿ ಓಡಿದಳು. ಚಪ್ಪಲಿಯ ಸದ್ದು ಒಂದು ಮಹಡಿ, ಎರಡು, ಮೂರು, ಎಲ್ಲೂ ನಿಲ್ಲಲಿಲ್ಲ. ಮೇಲಿನಿಂದ ಕಟಕಟೆಗೆ ಬಾಗಿ ಕೂಗಿದಳು.

"ಏನಪ್ಪ ಮಹಾರಾಜ, ಪಲ್ಲಕ್ಕಿ ತರಿಸ್ಲಾ?"

ನಾನು ಎರಡನೇ ತಿರುವಿನಲ್ಲಿದ್ದೆ. ಹಾಸಿಗೆಯನ್ನು ಗೋಡೆಗೆ ಒರಗಿಸಿದೆ.

"ಬಾ ಮಾವ. ಗೋಡೆ ಸರಿಯಾಗೇ ಇದೆ."

"ಸುಸ್ತಾಗಿದೆ ಕಣಮ್ಮ. ಸ್ವಲ್ಪ ಕೂತ್ಕೋತೀನಿ" ಎಂದೆ.

ಆಮೇಲೆ ಚಪ್ಪಲಿ ನಿಧಾನವಾಗಿ ಇಳಿದು ಬಂತು. ಪಕ್ಕದಲ್ಲಿ ಕುಳಿತು, ಒಂದು ದಿಂಬನ್ನು ನನ್ನ ಬೆನ್ನಿಗೆ ಕೊಟ್ಟಳು. ಅಕ್ಕ ಕೂರುತ್ತಿದ್ದುದೂ ಇದೇ ಮೆಟ್ಟಿಲಲ್ಲಿ. ನಾವು ಅಲ್ಲಿ ಬಹಳ ಹೊತ್ತು ಕುಳಿತಿದ್ದೆವು. ಗಾಳಿ ಇರಲಿಲ್ಲ.